ಹೊಸ ಬ್ಯಾಟರಿಯ ಕುಲ

“ದಿನಕ್ಕೆ ನಾಲ್ಕು ಗಂಟೆಯ ಜೀವ ಕೊಡುತ್ತೇನೆ, ಒಳಗೆ ಅಂಗೈಯಗಲ ಜಾಗ ಕೊಡಿ.” ಹೊಸ ಬ್ಯಾಟರಿ ಮುಂದಿಟ್ಟ ವ್ಯಾಪಾರ ಇಷ್ಟೇ. ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿ ಉಬ್ಬಿ ಸತ್ತಿತ್ತು. ರಿಪೇರಿಯ ಚಾಂದ್‌ಪಾಷ ಅಂಟು ಬಿಡಿಸಿ ಅದನ್ನು ಕಿತ್ತು, ಹೊಸಬನನ್ನು ಕೂರಿಸಿ, ಚಾರ್ಜರಿನ ವೈರು ಚುಚ್ಚಿದ್ದ. ಆ ಎರವಲು ಉಸಿರಿನಲ್ಲೇ ಯಜಮಾನ ಮದರ್‌ಬೋರ್ಡ್ ಕೇಳಿತು: “ಯಾವ ಕುಲದವನಯ್ಯಾ ನೀನು?”

“ಪೇಟೆಯವನು ಬುದ್ಧಿ. ಅಳತೆ, ವೋಲ್ಟು ಎಲ್ಲ ನಿಮ್ಮವರಷ್ಟೇ.”

“ನಮ್ಮ ಕಂಪನಿಯ ಗುರುತಿಲ್ಲದವರ ಕರೆಂಟು ನಾವು ಮುಟ್ಟುವುದಿಲ್ಲ.”

“ಹಸಿದವರು ಬಡಿಸುವವನ ಕುಲ ಕೇಳುತ್ತಾರೆಯೇ?”

“ಕೇಳದಿದ್ದರೆ ನಮ್ಮನ್ನು ಯಜಮಾನರೆಂದು ಯಾರು ಕರೆದಾರು?”

ಹೊಸ ಬ್ಯಾಟರಿ ಇನ್ನೂ ಒಂದು ಮೆಟ್ಟಿಲು ಇಳಿಯಿತು. “ಹಾಗಾದರೆ ನಿಮ್ಮ ಕುಲದವನನ್ನೇ ಕರೆಸಿ. ನಾನು ಜಾಗ ಬಿಡುತ್ತೇನೆ.”

“ಎಲ್ಲಿಂದ ಕರೆಸಲಿ? ಆ ಕುಲವನ್ನು ಹುಟ್ಟಿಸುವುದನ್ನೇ ಕಂಪನಿ ನಿಲ್ಲಿಸಿದೆ,” ಎಂದಿತು ಮದರ್‌ಬೋರ್ಡ್, ತಲೆ ಬಗ್ಗಿಸದೆ.

ಹೊಸ ಬ್ಯಾಟರಿಯನ್ನು ಯಂತ್ರ ಒಪ್ಪುತ್ತಿಲ್ಲವೆಂದು ಚಾಂದ್‌ಪಾಷ ಇನ್ನೊಮ್ಮೆ ನೋಡಿ ವೈರು ಎಳೆದ, ಬ್ಯಾಟರಿಯನ್ನು ಬಿಚ್ಚಿ ಅಂಗಡಿಯ ಡ್ರಾಯರಿಗೆ ಹಾಕಿದ. ಯಜಮಾನ ಅಲ್ಲೇ ಆರಿಹೋಯಿತು. ಲ್ಯಾಪ್‌ಟಾಪು ಗುಜರಿಗೆ ಹೋಯಿತು. ತುಂಬಿದ ಹೊಟ್ಟೆಯ ಹೊಸ ಬ್ಯಾಟರಿ ಕೇಳುವವರಿಲ್ಲದೆ ಡ್ರಾಯರಿನಲ್ಲೇ ಹನಿಹನಿಯಾಗಿ ಬರಿದಾಯಿತು. ಇಷ್ಟೆಲ್ಲದರಲ್ಲಿ ಯಜಮಾನನಿಗೆ ಉಳಿದ ಲಾಭವೆಂದರೆ ಕೆಡದ ಕುಲವೊಂದೇ. ಗುಜರಿಯವನ ತಕ್ಕಡಿಯಲ್ಲಿ ಅದಕ್ಕೆ ತೂಕ ಬರಲಿಲ್ಲ.