ವಾಪಸ್ ಕೊಟ್ಟ ಅಪ್ಪಣೆ

ಸಾಂತಯ್ಯ ಎಂಬ ಗುರುವಿನ ಆಶ್ರಮಕ್ಕೆ ಬೋರ್ಡೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಕಾಡಿನ ಅಂಚಿನಲ್ಲಿ ಒಂದು ಸೋಗೆಯ ಮಾಡು, ಅದರ ಕೆಳಗೆ ಎರಡು ಚಾಪೆ. ಒಂದು ಗುರುವಿನದು, ಇನ್ನೊಂದು ಶಿಷ್ಯ ಬೊಮ್ಮುವಿನದು.

ಬೊಮ್ಮು ಅದೇ ಕಾಡಿನ ಕೇರಿಯವನು. ಮೀಸೆ ಬಂದ ಮೇಲೆ ಗುರುವನ್ನು ಹುಡುಕಿಕೊಂಡು ಬಂದವನು.

ಗುರು ಕೂತು ಪಾಠ ಹೇಳಿದವರಲ್ಲ. ಬೆಳಗಾದರೆ ಶಿಷ್ಯನನ್ನು ಎಬ್ಬಿಸಿಕೊಂಡು ಕಾಲುದಾರಿ ಹಿಡಿಯುವರು. ದಾರಿ ಮುಗಿದಲ್ಲಿ ಕಾಡೂ ಮುಗಿದು ಮರಳು ಶುರುವಾಗುತ್ತಿತ್ತು. ಅಲ್ಲಿ ಎರಡು ಬಂಡೆಗಳ ನಡುವೆ ಕಡಲು ಕೆರೆಯ ಹಾಗೆ ತಣ್ಣಗೆ ಮಲಗಿರುತ್ತಿತ್ತು. ಹೊನ್ನೆ ಮರಗಳ ನೆರಳು ನೀರಿನ ತನಕ ಚಾಚಿರುತ್ತಿತ್ತು. ಸದ್ದು ಎಂದರೆ ಅಲೆಯದು, ಹಕ್ಕಿಯದು, ಅಷ್ಟೇ.

ಬಂದ ಹೊಸದರಲ್ಲಿ ಬೊಮ್ಮು ಕೇಳಿದ್ದ: "ಗುರುಗಳೇ, ಪಾಠ ಯಾವಾಗ ಶುರು?"

"ದಿನಾ ಈಜುತ್ತಿದ್ದೀಯಲ್ಲ."

"ಅದು ನನಗೆ ಮೊದಲೇ ಬರುತ್ತಿತ್ತು."

"ನಿನಗೆ ಬಾರದ್ದು ಯಾವುದೆಂದು ಗೊತ್ತಾದ ದಿನ ಶುರು ಮಾಡೋಣ."

ಕೇರಿಯವರೆಲ್ಲ ಈಜು ಕಲಿತದ್ದು ಅಲ್ಲೇ. ಅವರಲ್ಲೊಂದು ಪದ್ಧತಿಯಿತ್ತು. ಓಡಿ ಬಂದು ನೀರಿಗೆ ಬೀಳುವ ಹಾಗಿಲ್ಲ. ಅಂಚಿನಲ್ಲಿ ಬಗ್ಗಿ ನೀರು ಮುಟ್ಟಿ, ಹಣೆಗೆ ಒತ್ತಿಕೊಂಡು, "ಬರ್ಲಾ ತಾಯಿ?" ಎಂದು ಕೇಳಬೇಕು. ಅಲೆ ಬಂದು ಪಾದ ಮುಟ್ಟಿದರೆ ಬಾ ಎಂದಂತೆ. ಆಮೇಲೆ ಇಳಿಯುವುದು. ಗುರುವೂ ಹಾಗೇ ಕೇಳಿ ಇಳಿಯುತ್ತಿದ್ದರು.

ಒಂದು ಬೆಳಿಗ್ಗೆ ಕಾಲುದಾರಿಯ ಕೊನೆಯಲ್ಲಿ ತಂತಿಬೇಲಿ ಎದ್ದಿತ್ತು. ಬೇಲಿಯ ನಡುವೆ ಗೇಟು. ಗೇಟಿನ ಮೇಲೆ ಬೋರ್ಡು: 'ಖಾಸಗಿ ಜಾಗ. ಒಳಗೆ ಬರಕೂಡದು.' ಆಚೆ ಬಣ್ಣದ ಕೊಡೆಗಳು, ಒರಗು ಕುರ್ಚಿಗಳು.

ಧಣಿಯೊಬ್ಬ ಪಕ್ಕದ ಗುಡ್ಡ ಕೊಂಡು ರೆಸಾರ್ಟು ಕಟ್ಟಿದ್ದ. ಕೊಂಡದ್ದು ಗುಡ್ಡ. ಬೇಲಿ ಹಾಕಿದ್ದು ಕಡಲಿಗೆ.

ಗುರು ಬೋರ್ಡನ್ನು ಓದಿದರು. ತಿರುಗಿ ನಡೆದರು. ಆ ದಿನ ಗಂಜಿ ಮುಟ್ಟಲಿಲ್ಲ.

ಬೊಮ್ಮುವಿಗೆ ಸಂಕಟವಾಯಿತು. ಈಜಿಲ್ಲದೆ ಗುರುಗಳಿಗೆ ದುಃಖವಾಗಿದೆ ಎಂದುಕೊಂಡ. ಅದು ದುಃಖವಲ್ಲ, ಸಿಟ್ಟು ಎಂದು ತಿಳಿಯುವಷ್ಟು ಅವನಿನ್ನೂ ಕಲಿತಿರಲಿಲ್ಲ.

ಮರುದಿನ ಒಗೆದ ಪಂಚೆ ಉಟ್ಟುಕೊಂಡು ಧಣಿಯ ಮನೆಗೆ ಹೋದ. ಜಗಲಿಯ ಕೆಳಗೆ ನಿಂತು ಕೈಮುಗಿದ.

"ಧಣಿ, ನಮ್ಮ ಗುರುಗಳು ದಿನಾ ಇಲ್ಲಿ ಈಜುವವರು. ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಡಬೇಕು."

ಧಣಿಯ ಮುಖ ಅರಳಿತು. ಬೇಲಿ ಹಾಕಿದಂದಿನಿಂದ ಅವನಿಗೆ ಬೈದವರಿದ್ದರು, ಶಾಪ ಹಾಕಿದವರಿದ್ದರು. ಕೈಮುಗಿದವನು ಇವನೇ ಮೊದಲು.

"ಅಯ್ಯೋ, ಕೆಳಗೆ ಯಾಕೆ ನಿಂತಿ? ಮೇಲೆ ಬಾ, ಕೂತ್ಕೋ. ಸ್ವಾಮಿಗಳಂದ್ರೆ ನಮಗೆ ಭಕ್ತಿ ಮಾರಾಯ. ಏ, ಯಾರಲ್ಲಿ, ಇವನಿಗೊಂದು ಎಳನೀರು ಕೆತ್ತಿ ಕೊಡಿ!"

"ಹಾಗಾದ್ರೆ ಗೇಟು..."

"ಆಶ್ರಮದವರಿಗೆ ತೆಗೆಸ್ತೇನೆ. ಬೆಳಿಗ್ಗೆ ಮಾತ್ರ. ನಮ್ಮ ಗಿರಾಕಿಗಳು ಏಳುವ ಮೊದಲು ಈಜಿ ಹೋಗ್ಬಿಡಿ. ನನ್ನದೇನೂ ಅಡ್ಡಿಯಿಲ್ಲ."

ಬೊಮ್ಮು ಓಡುತ್ತ ಬಂದ.

"ಗುರುಗಳೇ, ಅಪ್ಪಣೆ ತಂದೆ!"

"ಯಾರದು?"

"ಧಣಿಯದು. ನಾವಂದುಕೊಂಡ ಹಾಗಲ್ಲ, ಒಳ್ಳೆಯ ಮನುಷ್ಯ. ಕೂರಿಸಿ ಎಳನೀರು ಕೊಟ್ಟ."

"ಸಿಹಿಯಿತ್ತೇ?"

"ಇತ್ತು."

"ಹಾಗಾದರೆ ನಾಳೆ ನೀನು ಹೋಗಿ ಈಜಿ ಬಾ. ನಾನು ಬರುವುದಿಲ್ಲ."

ಮರುದಿನ ಗೇಟಿನ ಕಾವಲಿಗೆ ಜಟ್ಟಿ ನಿಂತಿದ್ದ. ಕೇರಿಯವನೇ, ಬೊಮ್ಮುವಿನ ಜೊತೆ ಇದೇ ನೀರಿನಲ್ಲಿ ಈಜು ಕಲಿತವನು. ಈಗ ಖಾಕಿ ಅಂಗಿ ಬಂದಿತ್ತು. ಬೊಮ್ಮುವನ್ನು ಕಂಡೊಡನೆ ಗೇಟು ತೆಗೆದು ಸಲಾಮು ಹೊಡೆದ.

"ಎಂತ ಜಟ್ಟಿ, ನನಗೂ ಸಲಾಮಾ?"

"ಧಣಿ ಹೇಳಿದಾರೆ ಮಾರಾಯ. ನೀನೀಗ ದೊಡ್ಡ ಜನ."

ಬೊಮ್ಮು ಒಳಗೆ ಕಾಲಿಟ್ಟ. ಹಿಂದೆ ಗೇಟು ಮುಚ್ಚಿತು. ತಿರುಗಿ ನೋಡಿದರೆ ಬೇಲಿಯಾಚೆ ಅವನ ಅವ್ವ ಮಂಕಾಳಿ. ಹೆಗಲ ಮೇಲೆ ಒಣ ಸೀರೆ, ಕೈಯಲ್ಲಿ ಕೋಲು.

ಮಂಕಾಳಿಗೆ ಮೊಣಕಾಲು ಹಿಡಿದು ವರ್ಷಗಳಾಗಿದ್ದವು. ನೆಲದ ಮೇಲೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯುವಳು. ನೀರಿಗಿಳಿದರೆ ಮಾತ್ರ ಹುಡುಗಿಯ ಹಾಗೆ ಕೈಬೀಸಿ ಈಜುವಳು. "ನೀರಲ್ಲಿ ನನಗೆ ಮೊಣಕಾಲೇ ಇಲ್ಲ" ಎನ್ನುವಳು. ದಿನದಲ್ಲಿ ಸ್ವಲ್ಪ ಹೊತ್ತು ನೋವಿಲ್ಲದೆ ಬದುಕಲು ಅವಳಿಗಿದ್ದದ್ದು ಅದೊಂದೇ ಜಾಗ.

"ತೆಗಿಯೋ ಜಟ್ಟಿ."

"ಆಗೂದಿಲ್ಲ ಮಂಕಾಳತ್ತೆ. ಆಶ್ರಮದವರಿಗೆ ಮಾತ್ರ."

"ಅವನು ನನ್ನ ಹೊಟ್ಟೆಯಿಂದ ಬಂದವ ಕಣೋ."

"ಅದು ನನಗೆ ಗೊತ್ತುಂಟು. ಧಣಿಗೆ ಗೊತ್ತಿಲ್ಲವಲ್ಲ."

ಬೊಮ್ಮು ತಂತಿಯ ಹತ್ತಿರ ಬಂದ. "ಅವ್ವ, ಇವತ್ತೊಂದು ದಿನ ತಡೆದುಕೋ. ನಾಳೆ ನಿನಗೂ ಕೇಳಿ ಅಪ್ಪಣೆ ತರ್ತೇನೆ."

ಮಂಕಾಳಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ಹೊಟ್ಟೆಗೆ ಕೈಕೊಟ್ಟು ಈ ನೀರಲ್ಲಿ ತೇಲಿಸಿದವಳು ನಾನು. ಆಗ ಯಾವ ಧಣಿಯನ್ನು ಕೇಳಿದ್ದೆನೋ? ಹೋಗಿ ಸ್ವಾಮಿ, ಬೇಗ ಈಜಿ. ಗಿರಾಕಿಗಳು ಎದ್ದುಬಿಟ್ಟಾರು."

ಹೆತ್ತವಳ ಬಾಯಿಂದ 'ಸ್ವಾಮಿ' ಎನ್ನಿಸಿಕೊಂಡು ಬೊಮ್ಮುವಿನ ಮುಖಕ್ಕೆ ಹೊಡೆದಂತಾಯಿತು. ಅವಳು ಕೋಲೂರುತ್ತ ಕಾಡಿನೊಳಗೆ ಹೋದಳು. ಅವನು ನೋಡುತ್ತ ನಿಂತ.

ಅಷ್ಟಾದರೂ ಈಜಿದ. ಸಿಕ್ಕಿದ ಅಪ್ಪಣೆ ಹಾಳಾಗಬಾರದಲ್ಲ!

"ನೀರು ಹೇಗಿತ್ತು?" ಗುರು ಕೇಳಿದರು.

"ಮೊದಲಿನ ಹಾಗೇ ಇತ್ತು."

"ನೀನು?"

ಬೊಮ್ಮು ಚಾಪೆಯ ಮೇಲೆ ಕೂತ. ಗೇಟಿನಲ್ಲಿ ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ, "ಅವ್ವನಿಗೂ ಅಪ್ಪಣೆ ಕೇಳಿ ಬರಲೇ ಗುರುಗಳೇ?" ಎಂದ.

ಗುರುವಿನ ಕಣ್ಣು ಕೆಂಪಾಯಿತು.

"ಮೊನ್ನೆ ಅವನು ಬರೀ ತಂತಿ ಎಳೆದ ಕಳ್ಳ. ನೀನು ಹೋಗಿ ಕೈಮುಗಿದೆ. ಇವತ್ತು ಅವನು ಕಡಲಿನ ಧಣಿ. ತೆಗೆಯುವ ಹಕ್ಕು ಅವನದು ಎಂದು ಒಪ್ಪಿದವನು ಮುಚ್ಚುವ ಹಕ್ಕನ್ನೂ ಕೊಟ್ಟು ಬಂದೆ."

"ನಾನು ಕೇಳಿದ್ದು ನಿಮಗೋಸ್ಕರ."

"ಹೌದು. ನನ್ನ ಹೆಸರು ಹೇಳಿ ನಿನ್ನ ಅವ್ವನನ್ನು ಹೊರಗೆ ಹಾಕಿದೆ."

ಬೊಮ್ಮು ತಲೆ ತಗ್ಗಿಸಿದ. ಆಮೇಲೆ ಕೇಳಿದ: "ಈಗ ನಾನು ಏನು ಮಾಡಬೇಕು?"

"ಆ ಅಪ್ಪಣೆಯನ್ನು ವಾಪಸ್ ಕೊಟ್ಟು ಬಾ."

"ಅದು ಬಾಯಿಮಾತು. ಬಾಯಿಮಾತನ್ನು ವಾಪಸ್ ಕೊಡುವುದು ಹೇಗೆ?"

ಗುರು ಚಾಪೆಯ ಮೇಲೆ ಮಗ್ಗುಲಾಗಿ, ಬೆನ್ನು ತೋರಿಸಿ ಮಲಗಿದರು.

ಬೊಮ್ಮು ಧಣಿಯ ಜಗಲಿಗೆ ಹೋದ. ಈ ಸಲ ಕೈಮುಗಿಯಲಿಲ್ಲ.

"ಧಣಿ, ನಿಮ್ಮ ಅಪ್ಪಣೆ ನಮಗೆ ಬೇಡ."

ಧಣಿ ಓದುತ್ತಿದ್ದ ಪೇಪರಿನಿಂದ ತಲೆಯೆತ್ತಲಿಲ್ಲ. "ಬೇಡವಾದ್ರೆ ಬರಬೇಡಿ. ನನ್ನ ಗಂಟೇನು ಹೋಯ್ತು?"

ಬೊಮ್ಮು ಹಗುರವಾಗಿ ಮರಳಿ ಬಂದ. "ಕೊಟ್ಟು ಬಂದೆ ಗುರುಗಳೇ."

"ಅವನೇನೆಂದ?"

"ಬರಬೇಡಿ ಎಂದ."

"ನೀನು?"

"ಬಂದುಬಿಟ್ಟೆ."

ಗುರು ನಕ್ಕರು. ಪ್ರೀತಿಯ ನಗೆಯಲ್ಲ.

"ಬಾ ಎಂದ, ಹೋದೆ. ಬರಬೇಡ ಎಂದ, ಬಿಟ್ಟೆ. ಒಂದನ್ನು ಕೊಟ್ಟು ಇನ್ನೊಂದನ್ನು ಹೊತ್ತುಕೊಂಡು ಬಂದಿದ್ದೀಯಲ್ಲೋ ತಮಾ. ಎರಡೂ ಅವನ ಅಂಗಡಿಯ ಮಾಲೇ. ಹೋಗು, ಎರಡನ್ನೂ ಅಲ್ಲೇ ಎಸೆದು ಬಾ."

ಬೊಮ್ಮು ಹೊರಗೆ ಬಂದು ಒಂದು ಬೇರಿನ ಮೇಲೆ ಕೂತ. ತನ್ನ ಎರಡು ಕೈಗಳನ್ನೇ ನೋಡಿದ. ಧಣಿ ಅವನನ್ನು ಹೆದರಿಸಿರಲಿಲ್ಲ, ಹೊಡೆದಿರಲಿಲ್ಲ. ಆದರೂ ಅವು ತಾವಾಗಿಯೇ ಜೋಡಿಕೊಂಡಿದ್ದವು. ಅಪ್ಪ ಯಾರಿಗೋ ಮುಗಿದದ್ದು, ಅಜ್ಜ ಇನ್ಯಾರಿಗೋ ಮುಗಿದದ್ದು ನೋಡಿ ನೋಡಿ ಕಲಿತ ಕೈಗಳು.

ಎದ್ದ. ಧಣಿಯ ಮನೆಯ ಕಡೆ ಹೋಗಲಿಲ್ಲ. ಕೇರಿಯ ಕಡೆ ನಡೆದ.

ಮಂಕಾಳಿ ಅಂಗಳದಲ್ಲಿ ಕೂತು ಮೀನು ಕೊಯ್ಯುತ್ತಿದ್ದಳು.

"ಅವ್ವ, ಏಳು. ಕಡಲಿಗೆ ಹೋಗುವ."

"ಸಿಕ್ಕಿತಾ ಅಪ್ಪಣೆ?" ಮಾತಿನಲ್ಲಿ ಮುಳ್ಳಿತ್ತು.

"ಇಲ್ಲ. ಕೇಳಲೂ ಇಲ್ಲ."

ಮಂಕಾಳಿ ಮಗನ ಮುಖ ನೋಡಿದಳು. ಕತ್ತಿ ಬದಿಗಿಟ್ಟು ಕೈತೊಳೆದಳು.

"ಹಾಗಾದ್ರೆ ನಡಿ. ಒಬ್ಬಳೇ ಎಂತಕ್ಕೆ ಹೋಗೂದು? ಓ ದೇವೀ, ಬಾರೇ! ಮಕ್ಕಳನ್ನೂ ಕರ್ಕೊಂಡು ಬಾ!"

ದೇವಿ ಗೇಟು ಕಾಯುವ ಜಟ್ಟಿಯ ಹೆಂಡತಿ. ಅವಳು ಹೊರಟದ್ದು ಕಂಡು ಕೇರಿಯೇ ಹೊರಟಿತು.

ನಡುಹಗಲು. ಗಿರಾಕಿಗಳು ಕೊಡೆಗಳ ಕೆಳಗೆ ಒರಗಿದ್ದರು. ಬರುತ್ತಿದ್ದ ಜನವನ್ನು ಕಂಡು ಜಟ್ಟಿ ಗೇಟಿಗೆ ಅಡ್ಡ ನಿಂತ.

"ಬೊಮ್ಮು, ಇದು ನಿನ್ನ ಹೊತ್ತಲ್ಲ. ಗೇಟು ತೆಗಿಯೂದಿಲ್ಲ."

"ತೆಗಿಬೇಡ. ಗೇಟಿನ ಸುದ್ದಿಗೆ ನಾವು ಬಂದೇ ಇಲ್ಲ."

ಬೊಮ್ಮು ಆಚೆ ಸರಿದು ಬೇಲಿಯ ಒಂದು ಗೂಟಕ್ಕೆ ಕೈಹಾಕಿದ. ಮರಳಿನಲ್ಲಿ ಹೂತ ಗೂಟ, ಅಲ್ಲಾಡಿಸಿ ಎಳೆದರೆ ಬಂದೇಬಿಟ್ಟಿತು. ಅದರ ಮಗ್ಗುಲಿನದನ್ನು ದೇವಿ ಕಿತ್ತಳು. ತಂತಿ ನೆಲಕ್ಕೆ ಮಲಗಿತು.

"ಏ ದೇವೀ, ನನ್ನ ಕೆಲಸ ಹೋಗ್ತದೆ ಕಣೇ!"

"ನಿನಗೆ ಗೇಟು ಕಾಯಲಿಕ್ಕೆ ಹೇಳಿದ್ದಲ್ವಾ? ಕಾಯಿ. ನಾವೇನು ಅದನ್ನು ಮುಟ್ಟಿದೆವಾ?"

ಜನ ಹೋ ಎಂದು ನಕ್ಕರು. ಜಟ್ಟಿ ನಗು ತಡೆಯಲಾರದೆ ಆ ಕಡೆ ಮುಖ ತಿರುಗಿಸಿದ.

ಮಂಕಾಳಿ ಕೋಲನ್ನು ಮರಳಿಗೆ ಚುಚ್ಚಿ, ಬಗ್ಗಿ ನೀರು ಮುಟ್ಟಿದಳು. "ಬರ್ಲಾ ತಾಯಿ?" ಅಲೆ ಬಂತು. ಇಳಿದಳು. ಅವಳ ಹಿಂದೆ ಕೇರಿ ಇಳಿಯಿತು.

ಧಣಿ ಏದುಸಿರು ಬಿಡುತ್ತ ಓಡಿಬಂದ.

"ಯಾರನ್ನು ಕೇಳಿ ಇಳಿದಿರಿ?"

ಎದೆಮಟ್ಟ ನೀರಿನಿಂದ ಮಂಕಾಳಿ ಹೇಳಿದಳು: "ಯಾರನ್ನು ಕೇಳಬೇಕೋ ಅವಳನ್ನು ಕೇಳಿಯೇ ಇಳಿದದ್ದು."

"ಪೊಲೀಸರನ್ನು ಕರೆಸ್ತೇನೆ!"

"ಕರೆಸಿ. ಈಜು ಬಾರದಿದ್ರೆ ಅವರಿಗೂ ಕಲಿಸ್ತೇನೆ."

ಗಿರಾಕಿಗಳು ಎದ್ದು ನಿಂತು ನೋಡುತ್ತಿದ್ದರು. ಕೆಲವರು ಮೊಬೈಲು ಎತ್ತಿ ಹಿಡಿದಿದ್ದರು. ಅದನ್ನು ಕಂಡು ಧಣಿಯ ದನಿ ಮೆತ್ತಗಾಯಿತು. ಬೊಮ್ಮುವಿನ ಹೆಗಲ ಮೇಲೆ ಕೈಯಿಟ್ಟ.

"ಬೊಮ್ಮು, ನೀನು ತಿಳಿದವನು. ಗಲಾಟೆ ಯಾಕೆ? ಕೇರಿಯವರಿಗೂ ಅಪ್ಪಣೆ ಕೊಟ್ಟೆ, ಹೋಗು. ಬೆಳಿಗ್ಗೆ ಬರಲಿ. ನಿನ್ನ ಅವ್ವನಿಗೆ ಬೇಕಾದ್ರೆ ಸಂಜೆಯೂ ಬಿಡ್ತೇನೆ. ಆಯ್ತಾ?"

ಅವ್ವ ಬೆನ್ನ ಮೇಲೆ ತೇಲುತ್ತಿದ್ದಳು, ಕಣ್ಣು ಮುಚ್ಚಿ, ನೋವಿಲ್ಲದೆ. ಇದಕ್ಕಿಂತ ಹೆಚ್ಚೇನು ಬೇಕು ಎನ್ನಿಸಿತು ಬೊಮ್ಮುವಿಗೆ. ಕೈಗಳು ಮತ್ತೆ ಒಂದರ ಹತ್ತಿರ ಒಂದು ಬರತೊಡಗಿದವು. ಅವನು ಅವನ್ನು ಬೆನ್ನ ಹಿಂದೆ ಒಯ್ದ.

"ಇಲ್ಲ ಧಣಿ. ಅದನ್ನೇ ವಾಪಸ್ ಕೊಡಲಿಕ್ಕೆ ಬಂದದ್ದು. ನೀವು ಬಾ ಅಂದರೂ ಬರ್ತೇವೆ, ಬರಬೇಡ ಅಂದರೂ ಬರ್ತೇವೆ. ನಿಮ್ಮ ಮಾತು ನಿಮ್ಮ ಜಗಲಿಯಲ್ಲೇ ಇರಲಿ."

ಅಷ್ಟರಲ್ಲಿ ಬಿದ್ದ ತಂತಿಯನ್ನು ದಾಟಿಕೊಂಡು ಗುರು ಬಂದರು. ಧಣಿ ಅವರ ಕಡೆ ತಿರುಗಿದ. "ಸ್ವಾಮಿಗಳೇ, ನೀವಾದರೂ ಇವನಿಗೆ ಬುದ್ಧಿ ಹೇಳಿ."

"ನಾನು ಈಜಲು ಬಂದವನು" ಎಂದರು ಗುರು. ನೀರು ಮುಟ್ಟಿ, ಕೇಳಿ, ಮುಳುಗಿದರು.

"ನಾಳೆಯೇ ಕಬ್ಬಿಣದ ಕಂಬ ಹೂಳಿಸ್ತೇನೆ!" ಧಣಿ ಕೂಗಿದ. "ಕಾಂಕ್ರೀಟು ಹಾಕಿಸ್ತೇನೆ! ಯಾರು ಬರ್ತೀರಿ, ನೋಡುವ!"

ಯಾರೂ ತಿರುಗಿ ನೋಡಲಿಲ್ಲ. ಬೊಮ್ಮುವೂ ನೀರು ಮುಟ್ಟಿ, ಕೇಳಿ, ಇಳಿದ. ಬಿಸಿಲು ಇಳಿಯುವ ತನಕ ಕೇರಿ ನೀರಿನಲ್ಲೇ ಇತ್ತು.

ಗುರು ಮೇಲೆ ಬಂದು ತಲೆ ಒರೆಸಿಕೊಳ್ಳುತ್ತಿದ್ದಾಗ ಬೊಮ್ಮು ಒದ್ದೆ ಮೈಯಲ್ಲೇ ಬಂದು ಪಾದ ಮುಟ್ಟಿದ.

"ಗುರುಗಳೇ, ನಾಳೆ ಕಬ್ಬಿಣದ ಕಂಬ ಬರುತ್ತದಂತೆ. ಪೊಲೀಸರೂ ಬರಬಹುದು. ಆದರೂ ನಾವು ಬರುವವರೇ. ಅಪ್ಪಣೆ ಕೊಡಿ."

ಗುರು ಪಂಚೆಯ ನೀರು ಹಿಂಡಿದರು.

"ಅದು ನನ್ನ ಹತ್ತಿರ ಇದೆ ಎಂದು ನಿನಗೆ ಯಾರು ಹೇಳಿದರು?"