ಮೊಟ್ಟೆಯ ಲೋಳೆಯೂ ಆರಿದ ನೀರೂ

ಮೊಟ್ಟೆಯ ಬಿಳಿ ಲೋಳೆಯಲ್ಲಿ ಪ್ರೊಟೀನಿನ ಎಳೆಯೊಂದು ಅಚ್ಚುಕಟ್ಟಾಗಿ ಮಡಚಿಕೊಂಡು ತನ್ನ ಪಾಡಿಗೆ ತಾನಿತ್ತು. ಆ ಮಡಿಕೆಯ ಬಲದಿಂದಲೇ ಅದು ರೋಗಾಣುಗಳನ್ನು ತಡೆದು, ಮುಂದೆ ಹುಟ್ಟುವ ಮರಿಗೆ ಕಾವಲಿತ್ತು. ಒಂದು ದಿನ ಆ ಮೊಟ್ಟೆ ಒಲೆಯ ಮೇಲಿನ ಪಾತ್ರೆಯ ನೀರಿಗೆ ಬಿತ್ತು. ನೀರು ಕುದಿದಾಗ ಮಡಿಕೆಗಳೆಲ್ಲ ಬಿಚ್ಚಿಹೋದವು. ಗಾಬರಿಯಾದ ಎಳೆ ಪಕ್ಕದ ಎಳೆಯನ್ನು ಗಟ್ಟಿಯಾಗಿ ತಬ್ಬಿತು. ಅದೂ ಇದನ್ನು ತಬ್ಬಿತು. ಲೋಳೆಯೆಲ್ಲ ಹೀಗೇ ತಬ್ಬಿಕೊಂಡು ಗಟ್ಟಿಯಾಯಿತು.

ಒಲೆ ಆರಿ ಬಹಳ ಹೊತ್ತಾದ ಮೇಲೆ ಎಳೆ ನೀರಿಗೆ ಹೇಳಿತು: "ಇನ್ನಾದರೂ ನಮ್ಮನ್ನು ಬಿಡು. ನಾನು ಕಾವಲಿಗೆ ಹೋಗಬೇಕು."

"ನಿಮ್ಮನ್ನು ಬಿಚ್ಚಿದ್ದು ನಾನೇ, ನಿಜ," ಎಂದಿತು ನೀರು. "ನಾನು ಆಗಲೇ ತಣ್ಣಗಾದೆ. ಈಗ ಹಿಡಿದುಕೊಂಡಿರುವವರು ನೀವು ನೀವೇ."

ಎಳೆ ಪಕ್ಕದ್ದಕ್ಕೆ, "ಬಿಡಯ್ಯಾ," ಎಂದಿತು.

"ಮೊದಲು ನೀನು ಬಿಡು," ಎಂದಿತು ಅದು.

ಲೋಳೆಯ ಉದ್ದಗಲಕ್ಕೂ ಇದೇ ಮಾತು ನಡೆದಿರುವಾಗ, ಹೊರಗೆ ಯಾರೋ ಚಿಪ್ಪು ಸುಲಿಯತೊಡಗಿದರು.