ಎಣ್ಣೆಯ ಮನೆಯಲ್ಲಿದ್ದ ಔಷಧ

ಪ್ರಯೋಗಾಲಯದಲ್ಲಿ ವನಜಾಕ್ಷಿ ಒಂದು ಗಾಜಿನ ಪಾತ್ರೆಯನ್ನು ಮನುಷ್ಯನ ಕರುಳಿನಷ್ಟೇ ಬೆಚ್ಚಗಿಟ್ಟು, ಅದಕ್ಕೆ ನೀರು, ಪಿತ್ತರಸ ಹಾಕಿದಳು. ಆಮೇಲೆ ಎಣ್ಣೆಯಲ್ಲಿ ಕರಗಿಸಿದ ಔಷಧವನ್ನು ಸುರಿದಳು. ಆ ಔಷಧಕ್ಕೂ ನೀರಿಗೂ ಆಗಿಬರುತ್ತಿರಲಿಲ್ಲ.

"ಔಷಧವೇ, ಜಿಡ್ಡನ್ನು ನೀರಿನಲ್ಲಿ ಸಾಗಿಸುವ ನನ್ನ ಪುಟ್ಟ ದೋಣಿಗಳು ಖಾಲಿ ಇವೆ. ಈಗಲೇ ಹತ್ತಿಕೋ, ನೀರು ದಾಟಿಸುತ್ತೇನೆ" ಎಂದಿತು ಪಿತ್ತರಸ.

"ನಾನು ಎಣ್ಣೆಯವರ ಮನೆಯಲ್ಲಿದ್ದೇನೆ. ಕಂಡಕಂಡವರ ದೋಣಿ ನನಗೇಕೆ?" ಎಂದಿತು ಔಷಧ.

"ನಾನಿರುವ ತನಕ ಇದಕ್ಕೆ ಯಾವ ಕೊರತೆಯೂ ಇಲ್ಲ" ಎಂದು ಎಣ್ಣೆಯೂ ದನಿಗೂಡಿಸಿತು.

ಅಷ್ಟರಲ್ಲಿ ವನಜಾಕ್ಷಿ ಕೊಬ್ಬನ್ನು ಅರಗಿಸುವ ಕಿಣ್ವವನ್ನು ಪಾತ್ರೆಗೆ ಬಿಟ್ಟಳು. ಅದು ಅರ್ಧ ಗಂಟೆಯಲ್ಲಿ ಎಣ್ಣೆಯನ್ನು ಚೂರುಚೂರು ಮಾಡಿತು. ಚೂರುಗಳೆಲ್ಲ ಓಡಿಹೋಗಿ ಪಿತ್ತರಸದ ದೋಣಿಗಳಲ್ಲಿ ಕೂತುಬಿಟ್ಟವು.

"ನನಗೂ ಸ್ವಲ್ಪ ಜಾಗ ಕೊಡಿ!" ಎಂದು ಔಷಧ ಕೂಗಿತು.

"ಭರ್ತಿಯಾಗಿದೆ" ಎಂದಿತು ಪಿತ್ತರಸ. ಎಣ್ಣೆಯ ಚೂರುಗಳು ಬೇರೆ ಕಡೆ ನೋಡಿದವು.

ಎಣ್ಣೆಯ ಮನೆಯೂ ಇಲ್ಲದೆ, ನೀರಿನಲ್ಲೂ ಕರಗಲಾರದೆ ಔಷಧ ಬಿಳಿ ಪುಡಿಯಾಗಿ ತಳಕ್ಕಿಳಿಯಿತು.

ವನಜಾಕ್ಷಿ ವರದಿ ಬರೆದಳು: "ಎಣ್ಣೆ ಪೂರ್ತಿ ದಾಟಿತು. ಔಷಧ ತಳದಲ್ಲೇ ಉಳಿಯಿತು. ದಾಟಬೇಕಾಗಿದ್ದದ್ದು ಔಷಧ ಮಾತ್ರ."